ಡ್ರೋನ್ ಬರಲಿ, ಆದರೆ ಹೆಬ್ಬಾತುಗಳು ಹೋದ ಮೇಲೆ ಬರಲಿ

ಮಾನ್ಯ ಸಂಪಾದಕರೇ,

ಕಳೆದ ಜನವರಿಯಲ್ಲಿ ನಮ್ಮೂರ ಕೆರೆಗೆ ಒಂದು ಮದುವೆ ಜೋಡಿಯನ್ನು ಕರೆದುಕೊಂಡು ಫೋಟೊ ತೆಗೆಯುವ ಹುಡುಗರು ಬಂದಿದ್ದರು. ಬೆಳಿಗ್ಗೆ ಎಂಟರ ಹೊತ್ತು. ರಾತ್ರಿಯೆಲ್ಲ ಹೊಲದಲ್ಲಿ ಮೇಯ್ದು ಬಂದ ಪಟ್ಟೆತಲೆ ಹೆಬ್ಬಾತುಗಳು ಆಗಷ್ಟೇ ನೀರಿಗಿಳಿದು ಸುಮ್ನೆ ಕೂತಿದ್ದವು. ಹುಡುಗ ದಂಡೆ ಮೇಲಿಂದ ಡ್ರೋನ್ ಏರಿಸಿದ. ಅದು ನೀರಿನ ಮೇಲೆ ಹೋಗಿದ್ದೇ ತಡ, ಇಡೀ ಹಿಂಡು ಒಂದೇ ಸಲಕ್ಕೆ ಎದ್ದಿತು. ಜೋಡಿಗೆ ಭಾರಿ ಖುಷಿ, ವಿಡಿಯೊ ಸಿನಿಮಾದ ಹಾಗೆ ಬಂತು ಅಂತ. ಹಕ್ಕಿಗಳು ಮೂರು ಸುತ್ತು ಹಾಕಿದವು, ಇಳಿಯಲು ಧೈರ್ಯ ಸಾಲದೆ ಪೂರ್ವದ ಕಡೆ ಹೋದವು. ಎರಡು ದಿನ ಕೆರೆ ಖಾಲಿ ಹೊಡೆಯುತ್ತಿತ್ತು.

ಇಷ್ಟು ಓದಿ ನನ್ನನ್ನು ಡ್ರೋನ್ ಕಂಡರೆ ಆಗದ ಮುದುಕ ಅಂದುಕೊಳ್ಳಬೇಡಿ. ನಾನು ಸರ್ವೆ ಕೆಲಸ ಮಾಡಿ ನಿವೃತ್ತನಾದವನು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ, ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, 40 ಗುಂಟೆ ಸೇರಿದರೆ ಎಕರೆ. ಇದು ನನಗೆ ಮಗ್ಗಿ ಇದ್ದ ಹಾಗೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಹೊಲ ಅಳೆಯುವುದು ಸುಲಭ. ಕೆರೆ ಅಳೆಯುವುದಿದೆಯಲ್ಲ, ಅದು ಬೇರೆಯೇ ಪಾಡು. ಒಂದು ಕಡೆ ಕೆಸರು, ಒಂದು ಕಡೆ ಜಾಲಿ ಮುಳ್ಳು, ಆಪಿನ ಗಿಡದ ಮಧ್ಯೆ ಎದುರಿಗಿರುವ ಮನುಷ್ಯನೇ ಕಾಣುವುದಿಲ್ಲ, ಸರಪಳಿ ಹಿಡಿದವನು ಮೊಣಕಾಲವರೆಗೆ ಹೂತುಕೊಂಡು ‘ಸಾಹೇಬ್ರೆ ಇಷ್ಟೇ ಸಾಕು ಬರ್ಕೊಳ್ರಿ’ ಅನ್ನುತ್ತಿದ್ದ, ನಾವೂ ಎಷ್ಟೋ ಸಲ ಬರೆದುಕೊಂಡಿದ್ದೇವೆ. ಈಗ ಹೇಳಿದರೆ ಯಾರೂ ಪಿಂಚಣಿ ಕಿತ್ತುಕೊಳ್ಳಲಾರರು ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ. ಮೂರು ದಿನ ಒದ್ದಾಡಿ ನಾವು ಮಾಡುತ್ತಿದ್ದದ್ದನ್ನು ಡ್ರೋನ್ ಒಂದೆರಡು ಬ್ಯಾಟರಿಯಲ್ಲಿ ಮುಗಿಸುತ್ತದೆ. ನೋಡಿದಾಗ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಈಗ ಎಲ್ಲ ಕಡೆ ಕೆರೆಗಳ ಮೇಲೆ, ಜೌಗು ಪ್ರದೇಶಗಳ ಮೇಲೆ ಡ್ರೋನ್ ಹಾರಿಸಿ ಸರ್ವೆ ಮಾಡಬೇಕು, ನಿಗಾ ಇಡಬೇಕು ಅನ್ನುವ ಮಾತು ಕೇಳುತ್ತಿದೆ. ಮಾಡಲಿ. ನನ್ನ ತಕರಾರು ಇರುವುದು ಯಾವ ತಿಂಗಳಲ್ಲಿ ಹಾರಿಸುತ್ತೀರಿ, ಕೆರೆಯ ಯಾವ ಭಾಗದ ಮೇಲೆ ಹಾರಿಸುತ್ತೀರಿ, ಆಮೇಲೆ ಆ ನಕಾಶೆಯನ್ನು ಯಾರಿಗೆ ತೋರಿಸುತ್ತೀರಿ ಅನ್ನುವುದರಲ್ಲಿ.

ಮೊದಲು ನಮ್ಮ ಜಿಲ್ಲೆಯ ವಿಷಯ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಈಗ ದೊಡ್ಡ ಹೆಸರು. 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟ ಸಿಕ್ಕಿತು. ಅಂದರೆ ಇಡೀ ಜಗತ್ತಿಗೆ ಮುಖ್ಯವಾದ ಜೌಗು ಪ್ರದೇಶ ಅಂತ ಲೆಕ್ಕ. ಇರಾನಿನ ರಾಮ್ಸಾರ್ ಊರಿನಲ್ಲಿ 1971ರ ಫೆಬ್ರುವರಿ 2ರಂದು ಆದ ಒಪ್ಪಂದದಿಂದ ಬಂದ ಹೆಸರು ಅದು. ಕರ್ನಾಟಕಕ್ಕೆ ಮೊದಲು ಆ ಪಟ್ಟ ತಂದದ್ದು ರಂಗನತಿಟ್ಟು, 2022ರಲ್ಲಿ. ಆಮೇಲೆ ಒಟ್ಟಿಗೇ ಮೂರು ಬಂದವು: ನಮ್ಮ ಮಾಗಡಿ, ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ, ಕುಮಟಾದ ಅಘನಾಶಿನಿ ಅಳಿವೆ. ಮಾಗಡಿ ಬರೀ 54 ಹೆಕ್ಟೇರ್ ಚಿಲ್ಲರೆ, ಅಘನಾಶಿನಿ 4,801 ಹೆಕ್ಟೇರ್. ಆದರೂ ಚಳಿಗಾಲದಲ್ಲಿ ಈ ಪುಟ್ಟ ಕೆರೆಗೆ ಸಾವಿರಾರು ಹಕ್ಕಿ ಬರುತ್ತವೆ, ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೂ ಒಂದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ದೂರ ಬಂದು ಹಗಲು ಹೊತ್ತು ಸ್ವಲ್ಪ ಸುಧಾರಿಸಿಕೊಳ್ಳೋಣ ಅಂದರೆ ತಲೆ ಮೇಲೆ ಗುಂಯ್ ಅಂತ ಒಂದು ಯಂತ್ರ.

ಮಾಗಡಿಗೆ, ಅಂಕಸಮುದ್ರಕ್ಕೆ ಪಟ್ಟ ಬಂತು, ಸರಿ. ಎರಡೂ ನೀರಾವರಿಗೆ ಅಂತ ಜನ ಕಟ್ಟಿದ ಕೆರೆಗಳು, ಇದನ್ನು ನೆನಪಿಡಿ. 2017ರ ಜೌಗು ಪ್ರದೇಶ ನಿಯಮಗಳಲ್ಲಿ ಜೌಗು ಪ್ರದೇಶ ಅಂದರೆ ಏನು ಅಂತ ಹೇಳುವಾಗ, ನೀರಾವರಿಗೆಂದೇ ಕಟ್ಟಿದ್ದು, ಕುಡಿಯುವ ನೀರಿಗೆಂದೇ ಕಟ್ಟಿದ್ದು, ಭತ್ತದ ಗದ್ದೆ ಇವನ್ನೆಲ್ಲ ಹೊರಗಿಟ್ಟಿದ್ದಾರೆ. ರಾಮ್ಸಾರ್ ಪಟ್ಟ ಬಂದಿದ್ದಕ್ಕೆ ಈ ಎರಡು ಕೆರೆ ಒಳಗೆ ಬಂದವು. ಹಾಗಾದರೆ ಪಕ್ಕದ ಊರಿನ ಕೆರೆ? ಅದೇ ಹಕ್ಕಿ ಮಾಗಡಿಯಿಂದ ಎದ್ದರೆ ಅಲ್ಲಿಗೇ ಹೋಗುವುದು. ಹಕ್ಕಿಗೆ ಅದೂ ಒಂದೇ ಇದೂ ಒಂದೇ, ನಿಯಮಕ್ಕೆ ಮಾತ್ರ ಒಂದು ಜೌಗು ಪ್ರದೇಶ, ಇನ್ನೊಂದು ಬರೀ ಕೆರೆ. ರಾಜ್ಯದಲ್ಲಿ ಕೆರೆಗಳಿಗೆ 2014ರ ಕೆರೆ ಸಂರಕ್ಷಣಾ ಕಾಯ್ದೆ ಇದೆ ಅನ್ನಬಹುದು. ಇದೆ ನಿಜ, ಆದರೆ ಕೆರೆಯ ಗಡಿ ಎಲ್ಲಿ ಅಂತ ಗೊತ್ತಿಲ್ಲದೆ ಯಾವ ಕಾಯ್ದೆ ಇಟ್ಟುಕೊಂಡು ಏನು ಮಾಡುತ್ತೀರಿ?

ಗಡಿಯ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರಾಗಬೇಡಿ, ನನ್ನ ಕಸುಬು ಅದು. ಇಸ್ರೊದವರು ಉಪಗ್ರಹದ ಚಿತ್ರ ನೋಡಿ ದೇಶದ ಜೌಗು ಪ್ರದೇಶಗಳ ಅಟ್ಲಾಸ್ ಮಾಡಿದ್ದು 2011ರಲ್ಲಿ ಹೊರಬಂತು. ಒಳ್ಳೆ ಕೆಲಸ, ಎರಡು ಮಾತಿಲ್ಲ. ಅದರಲ್ಲಿ ಒಟ್ಟು 7,57,060 ಜೌಗು ಪ್ರದೇಶ ಸಿಕ್ಕವು. ಅವುಗಳಲ್ಲಿ 2.25 ಹೆಕ್ಟೇರ್‌ಗಿಂತ ದೊಡ್ಡವು 2,01,503 ಮಾತ್ರ. ಉಳಿದ ಐದೂವರೆ ಲಕ್ಷ ಚಿಕ್ಕವು, ನಕಾಶೆಯಲ್ಲಿ ಬರೀ ಚುಕ್ಕೆ. ಈ 2.25 ಎಲ್ಲಿಂದ ಬಂತು? 1:50,000 ನಕಾಶೆಯ ಮೇಲೆ 3 ಮಿಲಿಮೀಟರ್ ಉದ್ದ 3 ಮಿಲಿಮೀಟರ್ ಅಗಲದ ಚೌಕ ತೆಗೆದುಕೊಳ್ಳಿ, ನೆಲದ ಮೇಲೆ ಅದು 150 ಮೀಟರ್ ಚೌಕ. ಅದೇ 2.25 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಐದೂವರೆ ಎಕರೆ. ನಮ್ಮ ಕಡೆಯ ಎಷ್ಟೋ ಊರಿನ ಕಟ್ಟೆಗಳು, ಹೊಂಡಗಳು ಅದಕ್ಕಿಂತ ಚಿಕ್ಕವು. 2017ರಲ್ಲಿ ಸುಪ್ರೀಂ ಕೋರ್ಟ್ ಕಾಪಾಡಿ ಅಂದಿದ್ದು ಆ 2,01,503 ದೊಡ್ಡವನ್ನು. ಚುಕ್ಕೆಗಳ ಗತಿ ದೇವರೇ ಬಲ್ಲ.

ಇನ್ನೊಂದು ಲೆಕ್ಕ. ಆ ಅಟ್ಲಾಸಿಗೆ ಬಳಸಿದ ಚಿತ್ರದಲ್ಲಿ ಒಂದು ಚುಕ್ಕಿ, ಅಂದರೆ ಪಿಕ್ಸೆಲ್, ನೆಲದ ಮೇಲೆ ಸುಮಾರು 23.5 ಮೀಟರ್ ಚೌಕ. ಗುಣಿಸಿ ನೋಡಿ, ಐದೂವರೆ ಗುಂಟೆ ಆಗುತ್ತದೆ. ಅಷ್ಟು ಜಾಗ ಇಡೀ ಒಂದೇ ಬಣ್ಣ. ಕೆರೆ ಒತ್ತುವರಿ ಆಗುವುದು ಹೇಗೆ ಅಂತ ಹಳ್ಳಿಯವರಿಗೆ ನಾನು ಹೇಳಬೇಕಿಲ್ಲ. ಈ ವರ್ಷ ಬದು ಅರ್ಧ ಮಾರು ಮುಂದೆ, ಮುಂದಿನ ವರ್ಷ ಇನ್ನೊಂದು ಮಾರು, ಆಮೇಲೆ ಒಂದು ಬಣವೆ, ಬಣವೆ ಹೋಗಿ ತಗಡಿನ ಶೆಡ್. ಎರಡು ಗುಂಟೆ, ಮೂರು ಗುಂಟೆ. ಆ ಉಪಗ್ರಹದ ಒಂದೇ ಚುಕ್ಕಿಯೊಳಗೆ ಇಬ್ಬರು ಒತ್ತುವರಿದಾರರು ಆರಾಮಾಗಿ ಸಂಸಾರ ಮಾಡಬಹುದು. ಈಗಿನ ಉಪಗ್ರಹಗಳ ಕಣ್ಣು ಇನ್ನೂ ಚುರುಕಾಗಿದೆ, ಅದು ಗೊತ್ತು. ಆದರೆ 100 ಮೀಟರ್ ಎತ್ತರದಲ್ಲಿ ಹಾರುವ ಸಾಧಾರಣ ಡ್ರೋನಿನ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ಹೆಚ್ಚುಕಡಿಮೆ 3 ಸೆಂಟಿಮೀಟರ್, ನನ್ನ ಎರಡು ಬೆರಳಗಲ. ಬದು ಅರ್ಧ ಮಾರು ಸರಿದರೂ ಅದಕ್ಕೆ ಕಾಣುತ್ತದೆ. ನನಗೆ ಡ್ರೋನ್ ಬೇಕು ಅನ್ನಿಸುವುದು ಇದಕ್ಕೇ.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎಲ್ಲ ರಾಜ್ಯಗಳಿಗೂ ಹೇಳಿತು, ಉಪಗ್ರಹದಲ್ಲಿ ಕಂಡ ಜೌಗು ಪ್ರದೇಶಗಳನ್ನು ಸ್ಥಳಕ್ಕೇ ಹೋಗಿ ತಾಳೆ ನೋಡಿ, ಗಡಿ ಗುರುತಿಸಿ ಅಂತ. ಅಷ್ಟರಲ್ಲಿ ಹೊಸ ಅಟ್ಲಾಸ್ ಬಂದು ದೊಡ್ಡವುಗಳ ಲೆಕ್ಕ 2,31,195ಕ್ಕೆ ಏರಿತ್ತು. ಗಡುವು ಮೂರು ತಿಂಗಳು! ಮೂರು ತಿಂಗಳಲ್ಲಿ ಅಷ್ಟು ಗಡಿ ಗುರುತಿಸಬೇಕೆಂದರೆ ಸರಪಳಿ ಹಿಡಿದು ಆಗುವ ಮಾತಲ್ಲ. ಹಾಗಾಗಿ ಇಂದಲ್ಲ ನಾಳೆ ಡ್ರೋನ್ ಬಂದೇ ಬರುತ್ತದೆ. ಬರುವುದಾದರೆ ಹೇಗೆ ಬರಬೇಕು ಅಂತ ಈಗಲೇ ಮಾತಾಡಿಕೊಳ್ಳೋಣ ಅಲ್ವಾ?

ಜನ ಡ್ರೋನ್ ತಂದ ಕೂಡಲೇ ಮೊದಲು ಮಾಡುವ ಕೆಲಸ ಕೆರೆಯ ನಡುಮಧ್ಯೆ ಕಳಿಸುವುದು. ನೀರು ಹೊಳೆಯುತ್ತದೆ, ಹಕ್ಕಿ ಏಳುತ್ತವೆ, ಚೆನ್ನಾಗಿ ಕಾಣುತ್ತದೆ. ಆದರೆ ಸರ್ವೆಗೆ ನೀರಿನ ಮೇಲೆ ತೆಗೆದ ಚಿತ್ರದಷ್ಟು ಕೆಲಸಕ್ಕೆ ಬಾರದ್ದು ಇನ್ನೊಂದಿಲ್ಲ. ಡ್ರೋನ್ ನಕಾಶೆ ಮಾಡುವುದು ಹೇಗೆ ಅಂದರೆ, ಅದು ಉತ್ತ ಸಾಲಿನ ಹಾಗೆ ಹೋಗಿ ಬಂದು ನೂರಾರು ಫೋಟೊ ತೆಗೆಯುತ್ತದೆ, ಒಂದು ಫೋಟೊದಲ್ಲಿ ಬಂದದ್ದರಲ್ಲಿ ಮುಕ್ಕಾಲು ಪಾಲು ಪಕ್ಕದ ಫೋಟೊದಲ್ಲೂ ಇರಬೇಕು, ಆಮೇಲೆ ಕಂಪ್ಯೂಟರ್ ಎರಡರಲ್ಲೂ ಇರುವ ಒಂದೇ ಕಲ್ಲು, ಒಂದೇ ಗಿಡದ ಬುಡ ಹುಡುಕಿ ಹುಡುಕಿ ಜೋಡಿಸಿ ಹೊಲಿಯುತ್ತದೆ, ನಮ್ಮ ಕಡೆ ಕೌದಿ ಹೊಲಿಯುತ್ತಾರಲ್ಲ ಹಾಗೆ. ನೀರಿನ ಮೇಲೆ ಕಲ್ಲೆಲ್ಲಿದೆ? ಅಲೆ ಈಗ ಇಲ್ಲಿ, ಮರುಕ್ಷಣ ಅಲ್ಲಿ. ಕಂಪ್ಯೂಟರಿಗೆ ದಾರಿ ತಪ್ಪುತ್ತದೆ, ಕೌದಿ ನಡುವೆ ಹರಿಯುತ್ತದೆ. ಮಧ್ಯಾಹ್ನ ಹಾರಿಸಿದರೆ ಇನ್ನೂ ಕೆಟ್ಟದ್ದು, ಸೂರ್ಯ ನೀರಲ್ಲಿ ಬಿದ್ದು ಅರ್ಧ ಫೋಟೊ ಬರೀ ಬೆಳ್ಳಗೆ. ನೀರಿನ ಕೆಳಗೆ ಎಷ್ಟು ಆಳ ಅಂತ ಅಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ಅದೇ ಡ್ರೋನ್ ಏಪ್ರಿಲ್ ಕೊನೆಗೆ ಬರಲಿ. ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಗಂಟುಮೂಟೆ ಕಟ್ಟಿರುತ್ತವೆ. ನೀರು ತೂಬಿನ ಹತ್ತಿರ ಒಂದಿಷ್ಟು ನಿಂತಿರುತ್ತದೆ, ಮಳೆ ಕೈಕೊಟ್ಟ ವರ್ಷ ಅದೂ ಇರುವುದಿಲ್ಲ. ಕೆರೆ ಅಂಗಳ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಸುಣ್ಣದಲ್ಲಿ ನೆಲದ ಮೇಲೆ ಎಂಟು ಹತ್ತು ಕಡೆ ಕೂಡು ಗುರುತು ಹಾಕಿ, ಅವುಗಳ ಜಾಗ ಮತ್ತು ಎತ್ತರ ಸರಿಯಾಗಿ ಅಳೆದು, ಆಮೇಲೆ ಹಾರಿಸಿದರೆ ಕೆರೆ ತಳದ ಏರುಪೇರು ಕೆಲವೇ ಸೆಂಟಿಮೀಟರ್ ವ್ಯತ್ಯಾಸದಲ್ಲಿ ಸಿಗುತ್ತದೆ. ನೀರಿದ್ದಾಗ ಇದೇ ಕೆಲಸಕ್ಕೆ ದೋಣಿ ಬೇಕು, ಆಳ ಅಳೆಯುವ ಯಂತ್ರ ಬೇಕು. ಬೇಸಿಗೆಯಲ್ಲಿ ಪುಕ್ಕಟೆ. ಎರಡು ಮೂರು ವರ್ಷಕ್ಕೊಮ್ಮೆ ಹೀಗೆ ಮಾಡಿದರೆ ಹೂಳು ಎಷ್ಟು ತುಂಬಿತು, ಎಲ್ಲಿ ತುಂಬಿತು, ಕೆರೆಗೆ ಎಷ್ಟು ನೀರು ಕಡಿಮೆಯಾಯಿತು ಎಲ್ಲ ಲೆಕ್ಕಕ್ಕೆ ಬರುತ್ತದೆ. 50 ಹೆಕ್ಟೇರ್ ಕೆರೆಯಲ್ಲಿ ಬರೀ ಒಂದು ಅಡಿ ಹೂಳು ಕೂತರೆ 15 ಕೋಟಿ ಲೀಟರ್ ನೀರಿನ ಜಾಗ ಹೋಯಿತು ಅಂತ ಅರ್ಥ. ಹೂಳೆತ್ತುವ ಬಿಲ್ಲು ಬರುತ್ತದಲ್ಲ, ಇಷ್ಟು ಸಾವಿರ ಟಿಪ್ಪರ್ ಮಣ್ಣು ತೆಗೆದೆವು ಅಂತ, ತೆಗೆಯುವ ಮುಂಚೆ ಒಂದು ಸಲ, ತೆಗೆದ ಮೇಲೆ ಒಂದು ಸಲ ಡ್ರೋನ್ ಹಾರಿಸಿದರೆ ಟಿಪ್ಪರ್ ಎಣಿಸುವ ಕೆಲಸವೇ ಇಲ್ಲ. ಈ ಕಾರಣಕ್ಕೇ ಕೆಲವರಿಗೆ ಬೇಸಿಗೆ ಡ್ರೋನ್ ಇಷ್ಟವಾಗಲಿಕ್ಕಿಲ್ಲ, ಅದು ಬೇರೆ ಮಾತು.

ಬಳ್ಳಾರಿ ಜಾಲಿ ಮಾತ್ರ ಒಂದು ತಲೆನೋವು. ಅಂಗಳದಲ್ಲಿ ಅದು ಒತ್ತಾಗಿ ಬೆಳೆದರೆ ಕ್ಯಾಮೆರಾಗೆ ಗಿಡದ ತಲೆ ಕಾಣುತ್ತದೆಯೇ ಹೊರತು ನೆಲ ಕಾಣುವುದಿಲ್ಲ. ಲೇಸರ್ ಬಿಟ್ಟು ಅಳೆಯುವ ಲೈಡಾರ್ ಇದ್ದರೆ ಎಲೆ ಸಂದಿಯಲ್ಲಿ ನೆಲ ಮುಟ್ಟಿಬರುತ್ತದೆ, ಆದರೆ ದುಬಾರಿ. ಇರಲಿ, ಜಾಲಿ ಎಷ್ಟು ಎಕರೆ ನುಂಗಿದೆ ಅಂತಲಾದರೂ ಗೊತ್ತಾಗುತ್ತದಲ್ಲ.

ಎರಡನೇ ಸಲ ಅಕ್ಟೋಬರ್‌ನಲ್ಲಿ, ಹಿಂಗಾರಿ ಮಳೆ ಬಂದು ಕೆರೆ ತುಂಬಿದಾಗ, ಹೆಬ್ಬಾತುಗಳು ಬರುವ ಮುಂಚೆ. ಆಗ ಕೋಡಿ ಮಟ್ಟದಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಅಂತ ಸುತ್ತ ಅಂಚಿನ ಮೇಲೆ ಒಂದು ಸುತ್ತು ಹಾರಿಸಿದರೆ ಸಾಕು. ನೀರು ತಾನೇ ಗೆರೆ ಎಳೆದು ತೋರಿಸುತ್ತದೆ. ಕೆರೆಯ ಪೂರ್ಣ ಮಟ್ಟ ಅದು. ಆ ಗೆರೆಯೊಳಗೆ ಯಾರ ಶೇಂಗಾ ಬೆಳೆ ಮುಳುಗಿದೆ, ಯಾರು ಪರಿಹಾರ ಕೇಳುತ್ತಿದ್ದಾರೆ, ನೋಡಿಕೊಂಡರಾಯಿತು.

ಆದರೆ ನನ್ನ ಪ್ರಕಾರ ಡ್ರೋನ್ ಜಾಸ್ತಿ ಹೊತ್ತು ಇರಬೇಕಾದದ್ದು ಕೆರೆ ಮೇಲೂ ಅಲ್ಲ, ಮೇಲಿನ ಹಳ್ಳಗಳ ಮೇಲೆ. ನಮ್ಮೂರ ಕೆರೆ ನಾನು ಚಿಕ್ಕವನಿದ್ದಾಗ ಎರಡು ವರ್ಷಕ್ಕೊಮ್ಮೆಯಾದರೂ ಕೋಡಿ ಬೀಳುತ್ತಿತ್ತು. ಈಗ ಅಷ್ಟೇ ಮಳೆ ಬಂದರೂ ಅರ್ಧ ತುಂಬುವುದಿಲ್ಲ. ಕೆರೆಯಲ್ಲಿ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಒಂದು ಸಲ ನಾನೇ ಹಳ್ಳ ಹಿಡಿದು ಮೂರು ಕಿಲೋಮೀಟರ್ ಮೇಲಕ್ಕೆ ನಡೆದೆ. ಒಂದು ಕಡೆ ಗರಸು ತೆಗೆದ ಗುಂಡಿ, ಹಳ್ಳ ಅದರೊಳಗೆ ಬಿದ್ದು ಅಲ್ಲೇ ಇಂಗುತ್ತಿದೆ. ಇನ್ನೊಂದು ಕಡೆ ಪ್ಲಾಟ್ ಮಾಡಿ ಮಾರಲು ರಸ್ತೆ ಎತ್ತರಿಸಿದ್ದಾರೆ, ಹಳ್ಳಕ್ಕೆ ಅಂತ ಬಿಟ್ಟ ಪೈಪು ನನ್ನ ತೊಡೆ ಗಾತ್ರ. ಅಲ್ಲಿಂದ ಮೇಲೆ ಒಬ್ಬರು ಹಳ್ಳವನ್ನೇ ಉತ್ತು ಕಡಲೆ ಹಾಕಿದ್ದರು, ಒಳ್ಳೆ ಎರೆಮಣ್ಣು, ಬೆಳೆಯೂ ಚೆನ್ನಾಗಿತ್ತು ಅನ್ನಿ. ಕಂದಾಯ ದಾಖಲೆಯಲ್ಲಿ ಅದು ಈಗಲೂ ಹಳ್ಳದ ಖರಾಬು. ನಡೆಯಲು ನನಗೆ ಒಂದು ದಿನ ಹಿಡಿಯಿತು, ಮೊಣಕಾಲು ನೋವು ವಾರ ಹಿಡಿಯಿತು. ಡ್ರೋನ್‌ಗೆ ಇಪ್ಪತ್ತು ನಿಮಿಷದ ಕೆಲಸ. ಅಲ್ಲಿ ಹೆಬ್ಬಾತುಗಳೂ ಇಲ್ಲ, ಕೊಕ್ಕರೆ ಗೂಡೂ ಇಲ್ಲ, ಯಾರ ನಿದ್ದೆಯೂ ಕೆಡುವುದಿಲ್ಲ. ಗುಂಡಿ ತೋಡಿದವರ ನಿದ್ದೆ ಕೆಟ್ಟರೆ ಕೆಡಲಿ.

ಎಲ್ಲ ಕೆರೆಗೂ ಒಂದೇ ಕ್ಯಾಲೆಂಡರ್ ಹಾಕಬೇಡಿ ಅಂತಲೂ ಹೇಳಬೇಕು. ನಮ್ಮಲ್ಲಿ ಬೇಸಿಗೆ ಖಾಲಿ. ಕೊಕ್ಕರೆಬೆಳ್ಳೂರಿನಲ್ಲಿ, ರಂಗನತಿಟ್ಟಿನಲ್ಲಿ ಅದೇ ಬೇಸಿಗೆಯಲ್ಲಿ ಗೂಡಿನಲ್ಲಿ ಮರಿ ಇರುತ್ತವೆ. ಅಂಕಸಮುದ್ರದಲ್ಲಿ ಕೆರೆಯೊಳಗಿನ ಕರಿಜಾಲಿ ಮರಗಳ ಮೇಲೇ ಕೊಕ್ಕರೆಗಳ ಸಂಸಾರ, ಅಲ್ಲಿನ ತಿಂಗಳು ಯಾವುದು ಅಂತ ಅಲ್ಲಿನ ಜನರನ್ನೇ ಕೇಳಬೇಕು. ಅಘನಾಶಿನಿಗೆ ತಿಂಗಳ ಜೊತೆ ಗಂಟೆಯೂ ಮುಖ್ಯ. ನನ್ನ ತಂಗಿಯನ್ನು ಕುಮಟಾ ಕಡೆ ಕೊಟ್ಟಿದ್ದೇವೆ, ಅಲ್ಲಿ ಹೋದಾಗ ನೋಡಿದ್ದೇನೆ. ಇಳಿತ ಇದ್ದಾಗ ಮಣ್ಣಿನ ದಿಬ್ಬ ಎದ್ದು ಹೆಂಗಸರು ಗಂಡಸರು ಬೆಳಚು ಅನ್ನುವ ಚಿಪ್ಪಿನ ಜೀವಿ ಹೆಕ್ಕಲು ಇಳಿಯುತ್ತಾರೆ, ಆರು ತಾಸು ಕಳೆದರೆ ಅಲ್ಲೇ ದೋಣಿ ಹೋಗುತ್ತಿರುತ್ತದೆ. ಭರತದಲ್ಲಿ ಹಾರಿಸಿದ ಡ್ರೋನ್‌ಗೆ ದಿಬ್ಬವೇ ಕಾಣುವುದಿಲ್ಲ. ಉಪ್ಪುನೀರಿನ ಅಂಚಿನ ಗಜನಿ ಗದ್ದೆಯ ಕಟ್ಟೆ ಎಲ್ಲಿ ಒಡೆದಿದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಎಲ್ಲಿ ಹಬ್ಬಿದೆ ಅಂತ ನೋಡಲು ಅಲ್ಲಿ ಡ್ರೋನ್ ಒಳ್ಳೆಯದೇ, ಆದರೆ ಸಮುದ್ರದ ಪಂಚಾಂಗ ನೋಡಿ ಹೊರಡಬೇಕು.

ಹಕ್ಕಿ ಎಣಿಸಲು ಡ್ರೋನ್ ಬೇಕೇ ಬೇಕು ಅನ್ನುವವರೂ ಇದ್ದಾರೆ. ಅವರ ಮಾತಲ್ಲೂ ಹುರುಳಿದೆ. ಆಸ್ಟ್ರೇಲಿಯಾದ ಅಡಿಲೇಡ್ ಹತ್ತಿರ ಸಮುದ್ರದ ದಂಡೆ ಮೇಲೆ ಸಾವಿರಾರು ಪ್ಲಾಸ್ಟಿಕ್ ಬಾತುಗಳನ್ನು ಇಟ್ಟು, ಅನುಭವಿಗಳಿಂದ ದುರ್ಬೀನಿನಲ್ಲಿ ಎಣಿಸಿ, ಡ್ರೋನ್ ಚಿತ್ರದಿಂದಲೂ ಎಣಿಸಿ ಹೋಲಿಸಿದರು. 2018ರಲ್ಲಿ ಅದು ಪ್ರಕಟವಾಯಿತು. ಡ್ರೋನ್ ಎಣಿಕೆ 43ರಿಂದ 96 ಶೇಕಡಾದಷ್ಟು ಹೆಚ್ಚು ನಿಖರ. ದಂಡೆ ಮೇಲೆ ನಿಂತು ಎಣಿಸುವವರಿಗೆ ಹಿಂದಿನ ಸಾಲು ಮುಂದಿನ ಸಾಲಿನ ಹಿಂದೆ ಅಡಗುತ್ತದೆ, ಮೇಲಿಂದ ನೋಡಿದರೆ ಅಡಗುವುದಿಲ್ಲ, ಸರಳ ಲೆಕ್ಕ. ಆದರೆ ಸ್ವಾಮಿ, ಪ್ಲಾಸ್ಟಿಕ್ ಬಾತು ಹಾರಿ ಹೋಗುವುದಿಲ್ಲವಲ್ಲ!

ನಿಜವಾದ ಹಕ್ಕಿಯ ಮೇಲೆ ಮಾಡಿದ ಪ್ರಯೋಗವೂ ಇದೆ. ಫ್ರಾನ್ಸ್‌ನಲ್ಲಿ, 2015ರಲ್ಲಿ ಬಂದದ್ದು. ಮೆಲ್ಲಗೆ ಓರೆಯಾಗಿ ಹೋದರೆ 100ರಲ್ಲಿ 80 ಸಲ 4 ಮೀಟರ್ ಹತ್ತಿರ ಹೋದರೂ ಹಕ್ಕಿ ಗಾಬರಿಯಾಗಲಿಲ್ಲ, ಆದರೆ ನೇರ ತಲೆ ಮೇಲಿಂದ ಇಳಿದರೆ ಗಾಬರಿ ಜಾಸ್ತಿ. ಹದ್ದು, ಗಿಡುಗ ಬರುವುದು ಮೇಲಿಂದಲೇ ತಾನೆ. ಈ ಪ್ರಯೋಗ ತೋರಿಸಿ ‘ನೋಡಿ ಏನೂ ಆಗೋದಿಲ್ಲ’ ಅಂತ ಒಬ್ಬರು ನನ್ನ ಜೊತೆ ವಾದಿಸಿದರು. ಆ ಪ್ರಯೋಗ ಮಾಡಿದವರು ಪಳಗಿದ ಕೈಯವರು, ಕೋನ ಬಣ್ಣ ವೇಗ ಎಲ್ಲ ನೋಡಿಕೊಂಡು ಹಾರಿಸಿದವರು. ನಮ್ಮ ಮದುವೆ ಹುಡುಗರಿಗೆ ಹಕ್ಕಿ ಏಳುವುದೇ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೋಲ್ಸಾ ಚೀಕಾ ಅಂತ ಒಂದು ಜೌಗು ಪ್ರದೇಶ ಇದೆ. 2021ರ ಮೇ ತಿಂಗಳಲ್ಲಿ ಅಲ್ಲಿ ಒಂದೇ ಒಂದು ಡ್ರೋನ್ ರೀವ ಅನ್ನುವ ಕಡಲ ಹಕ್ಕಿಗಳು ಗೂಡು ಮಾಡಿದ್ದ ದಿಬ್ಬದ ಮೇಲೆ ಬಿತ್ತು. ಹಕ್ಕಿಗಳು ಹೆದರಿ ಎದ್ದವು, ಮತ್ತೆ ಬರಲಿಲ್ಲ. ಮರಳಿನ ಮೇಲೆ ಸುಮಾರು 1,500 ಮೊಟ್ಟೆ ಹಾಗೇ ಉಳಿದವು. ಹಾರಿಸಿದವನು ಕೆಟ್ಟ ಉದ್ದೇಶ ಇಟ್ಟುಕೊಂಡೇನೂ ಹಾರಿಸಿರಲಿಕ್ಕಿಲ್ಲ, ಬ್ಯಾಟರಿಯೋ ಗಾಳಿಯೋ ಏನೋ ಆಗಿರುತ್ತದೆ. ಬೀಳದ ಡ್ರೋನ್ ಅಂತ ಯಾವುದೂ ಇಲ್ಲ, ನಮ್ಮೂರ ಹುಡುಗನದ್ದೂ ಒಮ್ಮೆ ಜಾಲಿ ಮರದಲ್ಲಿ ನೇತಾಡುತ್ತಿತ್ತು.

ಹಕ್ಕಿ ಎಣಿಕೆಗೆ ಪ್ರತಿ ಜನವರಿ ಏಷ್ಯಾದ ನೀರುಹಕ್ಕಿ ಗಣತಿ ಅಂತ ಇದ್ದೇ ಇದೆ, 1987ರಿಂದ ನಡೆಯುತ್ತಿದೆ. ದುರ್ಬೀನು ಹಿಡಿದು ದಂಡೆ ಮೇಲೆ ಚಳಿಯಲ್ಲಿ ನಿಂತು ಎಣಿಸುವ ಹುಡುಗ ಹುಡುಗಿಯರು ನಮ್ಮಲ್ಲೂ ಇದ್ದಾರೆ. ಅವರ ಲೆಕ್ಕದಲ್ಲಿ ಹತ್ತಿಪ್ಪತ್ತು ತಪ್ಪಿದರೆ ತಪ್ಪಲಿ. ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ಅದೇ ರೀತಿ ಎಣಿಸಿದರೆ ಜಾಸ್ತಿಯಾಯಿತೋ ಕಡಿಮೆಯಾಯಿತೋ ಅಂತ ತಿಳಿಯುತ್ತದೆ, ನಮಗೆ ಬೇಕಾದದ್ದು ಅಷ್ಟೇ.

ಕಾನೂನು ಇಲ್ಲವೇ ಅಂತ ಕೇಳಬಹುದು. 2021ರ ಡ್ರೋನ್ ನಿಯಮ ಇದೆ. ಆನ್‌ಲೈನ್ ನಕಾಶೆಯಲ್ಲಿ ಹಸಿರು, ಹಳದಿ, ಕೆಂಪು ಅಂತ ವಲಯ ಇವೆ. ಹಸಿರು ಇದ್ದರೆ 400 ಅಡಿವರೆಗೆ ಯಾರನ್ನೂ ಕೇಳಬೇಕಿಲ್ಲ. 250 ಗ್ರಾಂಗಿಂತ ಜಾಸ್ತಿ ತೂಕದ್ದನ್ನು ದುಡ್ಡಿಗಾಗಿ ಹಾರಿಸಬೇಕಾದರೆ ಪೈಲಟ್ ಪ್ರಮಾಣಪತ್ರ ಬೇಕು, ಮದುವೆ ಶೂಟಿಂಗೂ ದುಡ್ಡಿನದೇ. ಆದರೆ ಈ ಹಸಿರು ವಿಮಾನದ ಲೆಕ್ಕದ ಹಸಿರು. ಕೆಳಗೆ ಹಕ್ಕಿ ಇದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಮಾಗಡಿಯಂಥ ಸಂರಕ್ಷಣಾ ಮೀಸಲು ಪ್ರದೇಶದಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಹಾರಿಸುವ ಹಾಗಿಲ್ಲ. ಪಕ್ಕದ ಊರಿನ ‘ಬರೀ ಕೆರೆ’ಯಲ್ಲಿ ಕೇಳುವವರು ಯಾರು? ನಾನು ಆ ದಿನ ಒಂದು ಕಚೇರಿಗೆ ಫೋನ್ ಮಾಡಿದೆ, ಅವರು ಇನ್ನೊಂದಕ್ಕೆ ಮಾಡಿ ಅಂದರು, ಅವರು ಪೊಲೀಸರಿಗೆ ಮಾಡಿ ಅಂದರು, ಅಷ್ಟರಲ್ಲಿ ಜೋಡಿ ಬಟ್ಟೆ ಬದಲಿಸಿಕೊಂಡು ಮುಂದಿನ ಜಾಗಕ್ಕೆ ಹೋಗಿಯಾಗಿತ್ತು. ಗ್ರಾಮ ಪಂಚಾಯಿತಿಯೇ ನವೆಂಬರಿಂದ ಮಾರ್ಚ್‌ವರೆಗೆ ಕೆರೆ ಮೇಲೆ ಡ್ರೋನ್ ಬೇಡ ಅಂತ ಠರಾವು ಮಾಡಿ ದಂಡೆ ಮೇಲೆ ಒಂದು ಫಲಕ ಹಾಕಿದರೆ ಅರ್ಧ ಜನ ಫಲಕ ನೋಡಿಯೇ ಸುಮ್ಮನಾಗುತ್ತಾರೆ.

ಹಳ್ಳಿಗೆ ಡ್ರೋನ್ ಹೊಸದೂ ಅಲ್ಲ. 2020ರ ಏಪ್ರಿಲ್‌ನಲ್ಲಿ ಶುರುವಾದ, ಊರೊಳಗಿನ ಮನೆ ಜಾಗ ಅಳೆಯುವ ಸ್ವಾಮಿತ್ವ ಯೋಜನೆಯಲ್ಲಿ ನಮ್ಮೂರ ಮೇಲೂ ಹಾರಿತ್ತು. ಮುಂಚಿನ ದಿನ ಎಲ್ಲರೂ ಮನೆ ಸುತ್ತ ಸುಣ್ಣದ ಗೆರೆ ಎಳೆದರು, ಸುಣ್ಣದ ಜೊತೆಗೆ ಎರಡು ಮೂರು ಜಗಳವೂ ಆದವು. ಆದರೆ ಆ ಯೋಜನೆ ಇರುವುದು ಜನವಸತಿಗೆ ಮಾತ್ರ, ಊರ ಮನೆಗಳು ಮುಗಿದಲ್ಲಿಗೆ ನಿಲ್ಲುತ್ತದೆ. ಕೆರೆ ಇರುವುದು ಅಲ್ಲಿಂದ ಅರ್ಧ ಕಿಲೋಮೀಟರ್. ಅಷ್ಟು ದೂರ ಬಂದ ಯಂತ್ರ ಇನ್ನರ್ಧ ಕಿಲೋಮೀಟರ್ ಹೋಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಆ ದಿನವೇ ಅನ್ನಿಸಿತ್ತು.

ಇನ್ನು ಸರ್ವೆಯವನಾಗಿ ಒಂದು ಎಚ್ಚರಿಕೆ. ಡ್ರೋನ್ ನಕಾಶೆ ಬಂದ ಕೂಡಲೇ ಅದನ್ನು ಹಳೇ ಗ್ರಾಮ ನಕಾಶೆ ಮೇಲೆ ಇಟ್ಟು, ನೋಡಿ ಇವರು ಒತ್ತುವರಿ ಮಾಡಿದ್ದಾರೆ ಅಂತ ಟಿವಿಯಲ್ಲಿ ತೋರಿಸಲು ಹೊರಡಬೇಡಿ. ಹಳೇ ನಕಾಶೆ ಸರಪಳಿಯದ್ದು. ಡ್ರೋನಿನ ಅಳತೆಗೆ ಅದು ಗೆರೆಗೆ ಗೆರೆ ಕೂರುವುದಿಲ್ಲ, ಅಲ್ಲಲ್ಲಿ ಕೆಲವು ಮೀಟರ್ ಜರುಗುತ್ತದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ತಮ್ಮ ಹೊಲ ಪಕ್ಕದವರ ಹೊಲದಲ್ಲಿ ಕಂಡು ಗಾಬರಿಯಾಗಿ ನನ್ನ ಹತ್ತಿರ ಓಡಿ ಬಂದವರು ಇದ್ದಾರೆ. ಡ್ರೋನ್ ಹೇಳುವುದು ನೆಲದ ಮೇಲೆ ಈಗ ಏನಿದೆ ಅಂತ. ಅದು ಯಾರದ್ದು ಅಂತ ಹೇಳುವುದು ಟಿಪ್ಪಣಿ, ಆಕಾರಬಂದ್ ಅನ್ನುವ ಹಳೇ ಸರ್ವೆ ದಾಖಲೆಗಳು. ಗಡಿಗೆ ನೆಟ್ಟ ಹಳೇ ಬಾಂದಕಲ್ಲು ಹುಡುಕಿ, ಅವನ್ನು ಡ್ರೋನ್ ಚಿತ್ರದಲ್ಲಿ ಕಾಣುವ ಹಾಗೆ ಸುಣ್ಣ ಬಳಿದು, ಆ ಕಲ್ಲುಗಳಿಗೆ ಹಳೇ ನಕಾಶೆಯನ್ನು ಕೂರಿಸಿ, ಆಮೇಲೆ ಹದ್ದುಬಸ್ತು, ಅಂದರೆ ಗಡಿ ಗುರುತು, ಮಾಡಬೇಕು. ಇಲ್ಲದಿದ್ದರೆ ಮೊದಲ ದಿನವೇ ತಡೆಯಾಜ್ಞೆ ಬರುತ್ತದೆ, ಒತ್ತುವರಿ ಮಾಡಿದವನು ಇನ್ನೂ ಹತ್ತು ವರ್ಷ ಆರಾಮ.

ಮತ್ತೆ ಊರಿನವರಿಗೆ ಮುಂಚೆ ತಿಳಿಸಿ. ಡಂಗುರ ಹೊಡೆಸಿ, ಈಗ ವಾಟ್ಸ್‌ಆ್ಯಪ್ ಗುಂಪಿದೆ, ಅದರಲ್ಲಾದರೂ ಹಾಕಿ. ಕೆರೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ, ತಲೆ ಮೇಲೆ ಕ್ಯಾಮೆರಾ ಬಂದರೆ ಕಲ್ಲು ಬೀಳುವುದು ಡ್ರೋನ್ ಮೇಲಷ್ಟೇ ಅಲ್ಲ. ನಾನು ಸರಪಳಿ ಹಿಡಿದು ಹೋದಾಗಲೇ ‘ನಮ್ಮ ಹೊಲ ಕಸ್ಕೊಳ್ಳಾಕ ಬಂದಾರ’ ಅಂತ ಒಬ್ಬಜ್ಜಿ ಕುಡುಗೋಲು ತಂದಿದ್ದಳು. ಅವಳ ಕೈಯಲ್ಲೇ ಸರಪಳಿ ಕೊಟ್ಟು ಅಳೆಸಿದ ಮೇಲೆ ಮಜ್ಜಿಗೆ ಕೊಟ್ಟಳು. ಡ್ರೋನಿನ ಪರದೆಯನ್ನೂ ಹಾಗೆ ಊರಿನವರಿಗೆ ತೋರಿಸಿ. ನಕಾಶೆ ತಯಾರಾದ ಮೇಲೆ ದೊಡ್ಡದಾಗಿ ಮುದ್ರಿಸಿ ಪಂಚಾಯಿತಿ ಗೋಡೆಗೆ ಅಂಟಿಸಿ: ಕೆರೆ, ಹಳ್ಳಗಳು, ಸರ್ವೆ ನಂಬರ್, ಹೋದ ವರ್ಷದ್ದು ಪಕ್ಕದಲ್ಲಿ ಈ ವರ್ಷದ್ದು. ನಮ್ಮ ಕಟ್ಟೆ ಮೇಲೆ ಕೂರುವ ಮುದುಕರಿಗೆ ದಿನಾ ಹೊಸ ವಿಷಯ ಬೇಕು, ಎರಡು ಚಿತ್ರದಲ್ಲಿ ಎಲ್ಲಿ ವ್ಯತ್ಯಾಸ ಇದೆ ಅಂತ ಅವರು ಯಾವ ಕಂಪ್ಯೂಟರಿಗಿಂತ ಬೇಗ ಹುಡುಕುತ್ತಾರೆ.

ನಮ್ಮೂರ ಕೆರೆಗೆ ನಾಲ್ಕು ಬಾಂದಕಲ್ಲು ಇದ್ದವು. ಏಪ್ರಿಲ್‌ನಲ್ಲಿ ಯಾರಾದರೂ ಡ್ರೋನ್ ತೆಗೆದುಕೊಂಡು ಬರುವುದಾದರೆ ಮೂರು ಎಲ್ಲಿವೆ ಅಂತ ನಾನೇ ಬಂದು ತೋರಿಸುತ್ತೇನೆ, ಸುಣ್ಣದ ಬಕೆಟ್ಟೂ ನನ್ನದೇ. ನಾಲ್ಕನೆಯದು ಒಬ್ಬರ ದನದ ಕೊಟ್ಟಿಗೆಯೊಳಗಿದೆ, ಗೋದಲಿ ಪಕ್ಕ. ಅದಕ್ಕೆ ಸುಣ್ಣ ಬಳಿದರೂ ಮೇಲಿಂದ ಕಾಣುವುದಿಲ್ಲ, ತಗಡು ಇದೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಸರ್ವೆಯರ್, ಗದಗ ಜಿಲ್ಲೆ